ದೊಡ್ಡಪ್ಪನ ಹಾಜರಿ ಪುಸ್ತಕ

ನಮ್ಮ ದೊಡ್ಡಪ್ಪ ನಿವೃತ್ತರಾಗಿದ್ದಾರೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಅದೊಂದು ಗಾಳಿಸುದ್ದಿ! ಕಾಲೇಜಿನವರು ಶಾಲು ಹೊದಿಸಿ, ಹಾರ ಹಾಕಿ, ಒಂದು ಗೋಡೆ ಗಡಿಯಾರ ಕೈಗೆ ಕೊಟ್ಟು, "ಇನ್ನು ಆರಾಮಾಗಿರಿ ಸರ್" ಎಂದು ಕಳಿಸಿಕೊಟ್ಟದ್ದು ನಿಜ. ಆದರೆ ದೊಡ್ಡಪ್ಪ ಮನೆಗೆ ಬಂದು ಮಾಡಿದ ಮೊದಲ ಕೆಲಸ ಎಂತದು ಗೊತ್ತಾ? ಆ ಗಡಿಯಾರವನ್ನು ಅಡುಗೆಮನೆ ಬಾಗಿಲ ಮೇಲೆ ಮೊಳೆ ಹೊಡೆದು ತೂಗುಹಾಕಿ, ದೊಡ್ಡಮ್ಮನಿಗೊಂದು ಟೈಮ್‌ಟೇಬಲ್ ಬರೆದುಕೊಟ್ಟದ್ದು. ಏಳೂವರೆಗೆ ದೋಸೆ, ಹನ್ನೊಂದಕ್ಕೆ ಚಹಾ, ಒಂದಕ್ಕೆ ಊಟ, ಊಟದ ನಂತರ 'ಸ್ವಯಂ ಅಧ್ಯಯನ'. ಸ್ವಯಂ ಅಧ್ಯಯನ ಎಂದರೆ ನಿದ್ದೆ. ದೊಡ್ಡಮ್ಮ ಅದನ್ನು ಪೂರ್ತಿ ಓದಿ, ನಾಲ್ಕು ಮಡಿಕೆ ಮಾಡಿ, ಅಲುಗಾಡುವ ಮಿಕ್ಸರಿನ ಕಾಲಡಿಗೆ ಇಟ್ಟಳು. ಅವತ್ತಿನಿಂದ ನಮ್ಮನೆ ಮಿಕ್ಸರ್ ಅಲುಗಾಡಿಲ್ಲ, ಅದನ್ನು ಮಾತ್ರ ಒಪ್ಪಿಕೊಳ್ಳಬೇಕು.

ದೊಡ್ಡಪ್ಪ ಭೌತಶಾಸ್ತ್ರದ ಅಧ್ಯಾಪಕರು. 'ಆಗಿದ್ದವರು' ಎಂದು ನಾನು ಬರೆದರೆ ಅವರು ಕೆಂಪು ಪೆನ್ನಿನಿಂದ ತಿದ್ದುತ್ತಾರೆ. ಹಾಲಿನವನು ಹತ್ತು ನಿಮಿಷ ತಡವಾಗಿ ಬಂದರೆ ಕ್ಯಾಲೆಂಡರಿನಲ್ಲಿ 'ಲೇ' ಎಂದು ಬೀಳುತ್ತದೆ. ಲೇಟ್ ಮಾರ್ಕು! ಮೂರು ಲೇಟಿಗೆ ಒಂದು ಗೈರುಹಾಜರಿ. ಒಮ್ಮೆ ಆ ಹಾಲಿನವನು ಕ್ಯಾಲೆಂಡರ್ ನೋಡಿ, "ಸರ್, ನಾನು ಈ ವರ್ಷ ಪರೀಕ್ಷೆಗೆ ಕೂರಬಹುದಾ?" ಎಂದು ಕೇಳಿದ. ದೊಡ್ಡಪ್ಪ ಗಂಭೀರವಾಗಿ, "ಕಷ್ಟ ಇದೆ ಮಾರಾಯ" ಎಂದರು.

ನಾನು ಅವರ ಹೆಂಡತಿಯ ತಂಗಿಯ ಮಗಳು. ಅವರ ಮನೆಯಲ್ಲೇ ಇದ್ದುಕೊಂಡು ಹೊನ್ನಾವರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ದೊಡ್ಡಪ್ಪನ ಪ್ರಕಾರ ಕನ್ನಡ ಎಂದರೆ ಲ್ಯಾಬ್ ಇಲ್ಲದ ವಿಷಯ, ಆದ್ದರಿಂದ ಪಾಪದ ವಿಷಯ. ಆದರೂ ನನ್ನ ಹತ್ತಿರ ಒಂದು ಲ್ಯಾಪ್‌ಟಾಪ್ ಮತ್ತು ಒಂದು ಹಳೇ ಕಾರು ಇರುವುದರಿಂದ ಅವರ ಬಳಗದಲ್ಲಿ ನನಗೆ 'ತಾಂತ್ರಿಕ ಸಹಾಯಕಿ' ಎಂಬ ಹುದ್ದೆ ಸಿಕ್ಕಿದೆ. ನಾನು ಅರ್ಜಿ ಹಾಕಿರಲಿಲ್ಲ. "ತಂಗಿ, ಶನಿವಾರ ನಿಂಗೆ ಎಂತ ಕೆಲಸ ಇಲ್ಲ ಅಲ್ದಾ?" ಎಂದು ಕೇಳಿದರು. ನಾನು ಬಾಯಿ ತೆರೆಯುವುದರೊಳಗೆ "ಆತು ಹಂಗಾರೆ" ಎಂದು ಹೋಗಿಬಿಟ್ಟರು. ಅದೇ ನೇಮಕಾತಿ ಆದೇಶ!

ಬಳಗ ಎಂದೆನಲ್ಲ, ಅದು ನಿವೃತ್ತ ಅಧ್ಯಾಪಕರ ಬಳಗ. ಕುಮಟಾದಿಂದ ಒಂದಷ್ಟು ಜನ, ಭಟ್ಕಳದಿಂದ ಒಂದಷ್ಟು ಜನ, ನಡುವೆ ಹೊನ್ನಾವರದವರು. ತಿಂಗಳ ಎರಡನೇ ಶನಿವಾರ ಸಂಜೆ ನಾಲ್ಕಕ್ಕೆ ಹೊನ್ನಾವರದ ಒಂದು ವಾಚನಾಲಯದ ಮಾಳಿಗೆಯಲ್ಲಿ ಸೇರುತ್ತಾರೆ. ಹೊರಗಿನಿಂದ ಒಬ್ಬ ಅತಿಥಿ ಬಂದು ವಿಜ್ಞಾನ, ತಂತ್ರಜ್ಞಾನದ ಬಗ್ಗೆ ಮಾತಾಡಬೇಕು. ಬೇರೆ ವಿಷಯ ಇಲ್ಲ. ಬಳಗದಲ್ಲಿ ಇತಿಹಾಸದವರು, ಅರ್ಥಶಾಸ್ತ್ರದವರು, ಸಂಸ್ಕೃತದವರು ಎಲ್ಲ ಇದ್ದಾರೆ, ಅವರ ವಿಷಯಕ್ಕೂ ಒಂದು ದಿನ ಕೊಡಿ ಎಂದು ಯಾರೋ ಕೇಳಿದ್ದಕ್ಕೆ ಕಾರ್ಯದರ್ಶಿಗಳಾದ ನಮ್ಮ ದೊಡ್ಡಪ್ಪ, "ಇತಿಹಾಸ ಸರ್ ಬಸ್ಸಲ್ಲಿ ಸಿಕ್ಕರೂ ಇತಿಹಾಸ ಹೇಳ್ತ್ರು. ಅದಕ್ಕೆ ಸಭೆ ಬೇರೆ ಎಂತಕೆ?" ಎಂದರು.

ಅಂದ ಹಾಗೆ, ಆ ಬಳಗದಲ್ಲಿ ಯಾರಿಗೂ ಹೆಸರಿಲ್ಲ. ಎಲ್ಲರೂ ತಮ್ಮ ವಿಷಯದ ಹೆಸರಿನಲ್ಲೇ ಓಡಾಡುತ್ತಾರೆ. ಬಾಟನಿ ಮೇಡಮ್, ಗಣಿತ ಸರ್, ಇಕನಾಮಿಕ್ಸ್ ಸರ್. ಹಾಜರಿ ಕರೆಯುವಾಗ ಮಾತ್ರ ಕ್ರಮಸಂಖ್ಯೆ. ಹೌದು, ಸರಿಯಾಗಿಯೇ ಓದಿದಿರಿ. ಅಲ್ಲಿ ಹಾಜರಿ ಕರೆಯುತ್ತಾರೆ! ಎಪ್ಪತ್ತು ದಾಟಿದವರು, ಮೊಮ್ಮಕ್ಕಳನ್ನು ಕಂಡವರು, ಒಂದು ಕಾಲದಲ್ಲಿ ಪ್ರಿನ್ಸಿಪಾಲರಾಗಿ ಊರನ್ನೇ ನಡುಗಿಸಿದವರು ಬೆಂಚಿನ ಮೇಲೆ ಕೈಕಟ್ಟಿ ಕೂತು, ತಮ್ಮ ನಂಬರು ಬಂದಾಗ "ಹಾಜರು ಸರ್" ಎನ್ನಬೇಕು. ಕೆಂಪು ಬಟ್ಟೆಯ ಬೈಂಡಿನ ಪುಸ್ತಕ ದೊಡ್ಡಪ್ಪನ ತೊಡೆಯ ಮೇಲೆ. ಪಕ್ಕದಲ್ಲಿ ಒಂದು ಹಿತ್ತಾಳೆ ಗಂಟೆ. ಅತಿಥಿ ನಲವತ್ತೈದು ನಿಮಿಷ ದಾಟಿದರೆ ಗಂಟೆ ಬಾರಿಸುತ್ತಾರೆ. ವಾಕ್ಯದ ಅರ್ಧದಲ್ಲಿದ್ದರೂ ಸರಿಯೇ! ಒಮ್ಮೆ ಒಬ್ಬ ಡಾಕ್ಟರು "ಈ ಲಕ್ಷಣ ಕಂಡ ಕೂಡಲೇ ನೀವು ಮಾಡಬೇಕಾದ ಒಂದೇ ಕೆಲಸ ಏನೆಂದರೆ..." ಎನ್ನುವಷ್ಟರಲ್ಲಿ ಗಂಟೆ ಹೊಡೆಯಿತು. ಆ ಒಂದೇ ಕೆಲಸ ಏನೆಂದು ಬಳಗಕ್ಕೆ ಇವತ್ತಿಗೂ ಗೊತ್ತಿಲ್ಲ.

ಮುಗಿದ ಮೇಲೆ ಅತಿಥಿಗೆ ಒಂದು ಕಾಯಿ, ಒಂದು ಮಲ್ಲಿಗೆ ಹಾರ, ಮತ್ತು ಒಂದು ಅಂಕಪಟ್ಟಿ. ವಿಷಯ ನಿರೂಪಣೆಗೆ ಇಷ್ಟು, ಉಚ್ಚಾರಕ್ಕೆ ಇಷ್ಟು, ಪ್ರಯೋಗಕ್ಕೆ ಇಷ್ಟು. ಯಾರಿಗೂ ನೂರಕ್ಕೆ ಅರವತ್ತು ದಾಟಿದ್ದಿಲ್ಲ. ರಾಕೆಟ್ಟಿನ ಕೆಲಸ ಮಾಡಿ ನಿವೃತ್ತರಾದ ಒಬ್ಬ ದೊಡ್ಡ ವಿಜ್ಞಾನಿಗೆ ಐವತ್ತಮೂರು ಬಂತು. ಅವರು ಊರಿಗೆ ಹೋಗಿ ತಮಾಷೆಗೆ, ಮರುಮೌಲ್ಯಮಾಪನ ಮಾಡಿ ಎಂದು ಕಾಗದ ಬರೆದರು. ದೊಡ್ಡಪ್ಪ ತಮಾಷೆ ಎಲ್ಲ ತಿಳಿಯುವವರಲ್ಲ. ಎರಡು ದಿನ ಕೂತು ಮರುಮೌಲ್ಯಮಾಪನ ಮಾಡಿ ಐವತ್ತೊಂದಕ್ಕೆ ಇಳಿಸಿದರು!

ಅತಿಥಿಗಳು ಹೇಳಿದ್ದನ್ನು ದೊಡ್ಡಪ್ಪ ಅಲ್ಲಿಗೇ ಬಿಡುವವರೂ ಅಲ್ಲ. ಸಮುದ್ರದ ನೀರಿನ ಬಣ್ಣ, ಬಿಸಿ ನೋಡಿ ಉಪಗ್ರಹ ಮೀನು ಎಲ್ಲಿದೆ ಎಂದು ಹೇಳುತ್ತದೆ ಎಂದು ಒಬ್ಬರು ಮಾತಾಡಿ ಹೋದರು. ಮರುದಿನ ಬೆಳಿಗ್ಗೆ ಆರಕ್ಕೇ ದೊಡ್ಡಪ್ಪ ನನ್ನ ಕಾರಿನಲ್ಲಿ ತೆಂಗಿನಗುಂಡಿಯ ಮೀನು ಬಂದರಿಗೆ! ಜನ್ಮದಲ್ಲಿ ಮೀನು ಮುಟ್ಟದವರು ಪಂಚೆ ಎತ್ತಿಕಟ್ಟಿ ದೋಣಿಗಳ ನಡುವೆ ನಿಂತು, ಆಗಷ್ಟೇ ದಡಕ್ಕೆ ಬಂದ ಒಬ್ಬ ಹಿರಿಯರಿಗೆ ಉಪಗ್ರಹದ ಪಾಠ ಮಾಡಿದರು. ಆತ ಬಲೆ ಬಿಡಿಸುತ್ತಲೇ ಪೂರ್ತಿ ಕೇಳಿದ. ಆಮೇಲೆ, "ಸರಿ ಸರ್. ಅದು ನಮಗೆ ಹೇಳ್ತದೆ, ಮೀನು ಇಲ್ಲಿದೆ ಅಂದೇಳಿ. ನಾವು ಹೋಗೂ ತನಕ ಅಲ್ಲೇ ನಿಂತ್ಕೊ ಅಂದೇಳಿ ಮೀನಿಗೆ ಯಾರು ಹೇಳ್ತ್ರು?" ಎಂದ. ದೊಡ್ಡಪ್ಪ ಕಾರಿನಲ್ಲಿ ಕೂತು ಶಿರಾಲಿ ದಾಟುವ ತನಕ ಜೇಬಿನಲ್ಲಿ ಕೆಂಪು ಪೆನ್ನು ಹುಡುಕಿದರು. ಆಮೇಲೆ ಹಿಂದಿನ ದಿನದ ಅತಿಥಿಗೆ ಕೊಟ್ಟ ಅಂಕದಲ್ಲಿ ನಾಲ್ಕು ಕಳೆದರು.

ಕೃತಕ ಬುದ್ಧಿಮತ್ತೆಯ ಬಗ್ಗೆ ಮಾತಾಡಲು ಬಂದವನ ಕತೆ ಕೇಳಿ. "ಏನು ಬೇಕಾದರೂ ಕೇಳಿ, ಇದು ಉತ್ತರ ಹೇಳುತ್ತದೆ" ಎಂದು ಪರದೆ ಎದುರು ನಿಂತ. ದೊಡ್ಡಪ್ಪ ಜೇಬಿನಿಂದ ತಮ್ಮದೊಂದು ಹಳೇ ಪ್ರಶ್ನೆಪತ್ರಿಕೆ ತೆಗೆದರು. ಮಸೂರದ ಬಗ್ಗೆ ಹತ್ತು ಅಂಕದ ಪ್ರಶ್ನೆ. ಯಂತ್ರ ಕಣ್ಣುಮುಚ್ಚಿ ತೆರೆಯುವುದರೊಳಗೆ ಉದ್ದದ ಉತ್ತರ ಬರೆಯಿತು. ಎಲ್ಲರೂ ಚಪ್ಪಾಳೆ. ದೊಡ್ಡಪ್ಪ ಮಾತ್ರ ಕನ್ನಡಕ ಏರಿಸಿ ಸಾಲು ಸಾಲು ಓದಿ, "ಚಿತ್ರ ಬರೀಲಿಲ್ಲ. ಮೂರು ಅಂಕ ಕಟ್" ಎಂದರು. ನಾನು ಅದನ್ನೇ ಟೈಪಿಸಿದೆ. ಯಂತ್ರ, ಕ್ಷಮಿಸಿ, ನಿಮ್ಮ ಮಾತು ಸರಿ, ಮುಂದೆ ಗಮನವಿಡುತ್ತೇನೆ ಎಂದು ಉತ್ತರಿಸಿತು. ದೊಡ್ಡಪ್ಪನ ಮುಖ ಅರಳಿದ್ದು ನೋಡಬೇಕಿತ್ತು! "ನನ್ನ ಇಡೀ ಸರ್ವಿಸಲ್ಲಿ ಒಬ್ಬನೇ ಒಬ್ಬ ಹೀಂಗೆ ತಪ್ಪು ಒಪ್ಪಿಕೊಂಡಿದ್ದಿಲ್ಲ. ಇದು ಮುಂದೆ ಬತ್ತದೆ ನೋಡು ತಂಗಿ" ಎಂದರು.

ಇಷ್ಟೆಲ್ಲ ಆರ್ಭಟದ ದೊಡ್ಡಪ್ಪನಿಗೂ ಸಭೆಯಲ್ಲಿ ಒಬ್ಬ ವಿರೋಧ ಪಕ್ಷ ಇದ್ದರು. ಭಟ್ಕಳದ ಕೆಮಿಸ್ಟ್ರಿ ಸರ್. ಇಬ್ಬರೂ ಒಂದೇ ಕಾಲೇಜಿನಲ್ಲಿ ಒಂದೇ ಗೋಡೆಯ ಆಚೆ ಈಚೆ ಪಾಠ ಮಾಡಿದವರು. ಕೆಮಿಸ್ಟ್ರಿ ಲ್ಯಾಬಿನ ಕೊಳೆತ ಮೊಟ್ಟೆ ವಾಸನೆ ಫಿಸಿಕ್ಸ್ ಲ್ಯಾಬಿಗೆ ಬರುತ್ತದೆ ಎಂದು ಶುರುವಾದ ಜಗಳ. ಅದು ಕಾಲೇಜು ಬಿಟ್ಟರೂ ನಿಂತಿಲ್ಲ. ಕೆಮಿಸ್ಟ್ರಿ ಸರ್ ಮನೆಯಲ್ಲಿ ಆಡುವುದು ಭಟ್ಕಳದ ಮುಸ್ಲಿಮರ ಮನೆಮಾತು ನವಾಯತಿ, ಜಗಳಕ್ಕೆ ಮಾತ್ರ ಅಚ್ಚಗನ್ನಡ. ಬಳಗದ ಕ್ರಮಸಂಖ್ಯೆ ಹನ್ನೊಂದು. ಹಾಜರಿಯಲ್ಲಿ ಎಲ್ಲರೂ "ಹಾಜರು ಸರ್" ಎಂದರೆ ಇವರದ್ದೇ ಬೇರೆ. ದೊಡ್ಡಪ್ಪ "ಹನ್ನೊಂದು" ಎಂದ ಕೂಡಲೇ ಹಿಂದಿನ ಬೆಂಚಿನಿಂದ ಗಟ್ಟಿಯಾಗಿ, "ಇದ್ದೇನೆ, ನಿಮ್ಮ ದುರದೃಷ್ಟಕ್ಕೆ!"

ಪ್ರತಿ ತಿಂಗಳೂ ಅದೇ ಮಾತು, ಪ್ರತಿ ತಿಂಗಳೂ ಬಾಟನಿ ಮೇಡಮ್ ಹೊಸದಾಗಿ ಕೇಳಿದವರ ಹಾಗೆ ನಗುವುದು. ದೊಡ್ಡಪ್ಪ ಮಾತ್ರ ತಲೆ ಎತ್ತದೇ ಕೆಂಪು ಪೆನ್ನಿನಲ್ಲಿ ಗುರುತು ಹಾಕುತ್ತಿದ್ದರು.

ಅತಿಥಿಯ ಮಲ್ಲಿಗೆ ಹಾರವೂ ಕೆಮಿಸ್ಟ್ರಿ ಸರ್‌ದೇ ಜವಾಬ್ದಾರಿ. ಭಟ್ಕಳದ ಮಲ್ಲಿಗೆ ಅಂದರೆ ಕೇಳಬೇಕಾ! ಪೇಟೆಯದ್ದಲ್ಲ, ಅವರ ಮನೆ ಅಂಗಳದ್ದೇ. ಅವರ ಹೆಂಡತಿ ಕಟ್ಟಿ ಬಾಳೆ ಎಲೆಯಲ್ಲಿ ಸುತ್ತಿ ಕಳಿಸುತ್ತಿದ್ದರು. ಜೊತೆಗೆ ದೊಡ್ಡಮ್ಮನಿಗೆ ಅಂತ ಬೇರೆ ಒಂದು ಮೊಳ.

ಒಮ್ಮೆ ಬ್ಯಾಟರಿ ಸ್ಕೂಟರಿನ ಬಗ್ಗೆ ಮಾತಾಡಲು ಒಬ್ಬ ಎಂಜಿನಿಯರ್ ಬಂದ. "ಬ್ಯಾಟರಿಯ ಒಳಗೆ..." ಎಂದು ಬಾಯಿ ತೆಗೆದನಷ್ಟೆ. ಕೆಮಿಸ್ಟ್ರಿ ಸರ್ ಎದ್ದು, "ಬ್ಯಾಟರಿ ಅಂದ್ರೆ ಕೆಮಿಸ್ಟ್ರಿ. ಇದನ್ನು ಫಿಸಿಕ್ಸಿನವರು ಅಧ್ಯಕ್ಷತೆ ವಹಿಸಿ ಕೇಳೂ ವಿಷಯ ಅಲ್ಲ" ಎಂದರು. "ಕರೆಂಟ್ ಹರಿಯೂದು ಎಂತದು ಹಂಗಾರೆ? ನಿನ್ನ ಉಪ್ಪಿನಕಾಯಿ ರಸವಾ?" ಎಂದರು ದೊಡ್ಡಪ್ಪ. ಆಯಿತಲ್ಲ! ನಲವತ್ತೈದು ನಿಮಿಷ ಇಬ್ಬರೇ. ಎಂಜಿನಿಯರ್ ಚಹಾ ಕುಡಿದ, ಅವಲಕ್ಕಿ ತಿಂದ, ಕಾಯಿ ಹಾರ ತೆಗೆದುಕೊಂಡು ಬಸ್ಸಿಗೆ ಹೋದ. ಭಾಷಣ ಬಹಳ ಚೆನ್ನಾಗಿತ್ತೆಂದು ಇಬ್ಬರೂ ಒಪ್ಪಿದರು. ಆತನಿಗೆ ಐವತ್ತೆಂಟು ಅಂಕ ಬಂತು, ಆ ವರ್ಷದ ಅತಿ ಹೆಚ್ಚು!

ಇನ್ನು ದೊಡ್ಡಪ್ಪನ ಪ್ರಾಕ್ಸಿ ಬೇಟೆಯ ಬಗ್ಗೆ ಹೇಳದಿದ್ದರೆ ಕತೆ ಪೂರ್ತಿಯಾಗುವುದಿಲ್ಲ. ಕಾಲೇಜಿನಲ್ಲಿ ಒಬ್ಬರ ಹಾಜರಿಯನ್ನು ಇನ್ನೊಬ್ಬರು ಕೂಗುವುದು ಎಲ್ಲ ಕಡೆಯೂ ಇದ್ದದ್ದೇ. ದೊಡ್ಡಪ್ಪನ ತರಗತಿಯಲ್ಲಿ ಮಾತ್ರ ಅದು ನಡೆಯುತ್ತಿರಲಿಲ್ಲ. ನೂರು ಮಕ್ಕಳ ದನಿಯೂ ಅವರಿಗೆ ಬಾಯಿಪಾಠ! ತಲೆ ಬಗ್ಗಿಸಿಯೇ, "ಅದು ಇಪ್ಪತ್ತಾರರ ದನಿ ಅಲ್ಲ, ನಲವತ್ತರದ್ದು. ನಲವತ್ತು, ಎದ್ದು ಹೊರಗೆ ನಡಿ. ನಿಂಗೆ ನೆಗಡಿ ಬೇರೆ ಆಯ್ದು, ಕಷಾಯ ಕುಡಿ" ಎನ್ನುತ್ತಿದ್ದರು. ಹಾಗೆ ಹೊರಗೆ ಹೋದ ಒಬ್ಬ ಈಗ ಕುಮಟಾದಲ್ಲಿ ಹಲ್ಲಿನ ಡಾಕ್ಟರು. ದೊಡ್ಡಪ್ಪ ದವಡೆ ಹಿಡಿದುಕೊಂಡು ಅವರಲ್ಲಿಗೇ ಹೋಗಬೇಕಾಗಿ ಬಂತು. ಕುರ್ಚಿಯಲ್ಲಿ ಕೂತು ಬಾಯಿ ತೆರೆಯಲು ಹೆದರುತ್ತಿದ್ದಾಗ ಡಾಕ್ಟರು ಬಹಳ ವಿನಯದಿಂದ, "ಬಾಯಿ ತೆಗೀರಿ ಸರ್. ಇದಕ್ಕೆ ಪ್ರಾಕ್ಸಿ ನಡೆಯೂದಿಲ್ಲ" ಎಂದರಂತೆ. ಎಷ್ಟು ವರ್ಷ ಕಾದಿದ್ದರೋ ಪಾಪ!

ಬಳಗಕ್ಕೂ ಅಷ್ಟೇ ಕಟ್ಟುನಿಟ್ಟು. ಸತತ ಮೂರು ಸಭೆಗೆ ಬಾರದಿದ್ದರೆ ಪುಸ್ತಕದಿಂದ ಹೆಸರು ಹೊಡೆಯುವುದು, ಮತ್ತೆ ಸೇರಿಸುವುದಿಲ್ಲ. ಮೊದಲು ಡಾಕ್ಟರ ಸರ್ಟಿಫಿಕೇಟು ತಂದರೆ ರಜೆ ಇತ್ತು. ಒಂದು ಆಷಾಢದಲ್ಲಿ ಮಳೆ ಜೋರಾದ ದಿನ ಎಂಟು ಜನರ ಮಂಡಿನೋವಿನ ಸರ್ಟಿಫಿಕೇಟು ಒಟ್ಟಿಗೇ ಬಂತು. ಎಂಟಕ್ಕೂ ಒಬ್ಬನೇ ಡಾಕ್ಟರ ಸಹಿ! ಆಗ ಕೆಮಿಸ್ಟ್ರಿ ಸರ್ ಎದ್ದು ನಿಂತು, "ನಮ್ಮ ವಯಸ್ಸಲ್ಲಿ ಸರ್ಟಿಫಿಕೇಟು ಯಾರಿಗೆ ಸಿಕ್ಕೂದಿಲ್ಲ? ತೆಗೆದುಹಾಕಿ ಈ ಸಿಕ್ ಲೀವು" ಎಂದು ಪ್ರಸ್ತಾವ ಮಂಡಿಸಿದರು. ಅನುಮೋದನೆ ನಮ್ಮ ದೊಡ್ಡಪ್ಪನದು. ಸಭೆಯ ಠರಾವೊಂದಕ್ಕೆ ಅವರಿಬ್ಬರೂ ಒಮ್ಮತಕ್ಕೆ ಬಂದದ್ದು ಅದೊಂದೇ ಸಲ.

ಆ ನಿಯಮಕ್ಕೆ ಮೊದಲು ಬಲಿಯಾದವರು ಯಾರೆಂದು ಬಲ್ಲಿರಾ? ದೊಡ್ಡಮ್ಮನ ಸ್ವಂತ ಅಣ್ಣ, ನನ್ನ ಸೋದರಮಾವ! ಕುಮಟಾದ ಇತಿಹಾಸ ಸರ್. ಮೊಮ್ಮಗನ ನಾಮಕರಣ, ಆಮೇಲೆ ಕಾಶಿಯಾತ್ರೆ, ಆಮೇಲೆ ಕಾಶಿಯಾತ್ರೆಯ ಆಯಾಸ. ಮೂರು ಸಭೆ ತಪ್ಪಿತು. ದೊಡ್ಡಪ್ಪ ಸ್ಕೇಲು ಇಟ್ಟು ಹೆಸರಿನ ಮೇಲೆ ಕೆಂಪು ಗೀಟು ಎಳೆದರು. ದೊಡ್ಡಮ್ಮ ಎಂಟು ದಿನ ಮಾತು ಬಿಟ್ಟಳು. ಆ ಎಂಟು ದಿನ ದೋಸೆ ಇತ್ತು, ಚಟ್ನಿ ಇರಲಿಲ್ಲ. ದೊಡ್ಡಪ್ಪ ಬರೀ ದೋಸೆ ತಿಂದರೇ ಹೊರತು ಗೀಟು ಅಳಿಸಲಿಲ್ಲ.

ಇಂಥವರಿಗೆ ಈ ವರ್ಷ ಪೇಚಾಟ ಬಂತು. ಒಂದು ಎರಡನೇ ಶನಿವಾರ ಬೆಳಿಗ್ಗೆ ಕೆಮಿಸ್ಟ್ರಿ ಸರ್ ಅತಿಥಿಯ ಹಾರಕ್ಕೆಂದು ಮಲ್ಲಿಗೆ ಕೊಯ್ಯುತ್ತಿದ್ದರಂತೆ. ಚಪ್ಪರದ ಮೇಲಿನ ಮೊಗ್ಗು ಕೈಗೆ ಸಿಗಲಿಲ್ಲ ಎಂದು ಸ್ಟೂಲು ಹತ್ತಿದ್ದಾರೆ. ಸ್ಟೂಲು ಜಾರಿತು. ಸೊಂಟದ ಎಲುಬು ಮುರಿಯಿತು. ಶಸ್ತ್ರಚಿಕಿತ್ಸೆಯಾಗಿ ಮನೆಗೆ ಬಂದರು, ಆದರೆ ಮೂರು ತಿಂಗಳು ಮಂಚ ಬಿಡುವ ಹಾಗಿಲ್ಲ ಎಂದು ಡಾಕ್ಟರು ಹೇಳಿದರು.

ಆ ದಿನದ್ದು ಒಂದನೇ ಗೈರುಹಾಜರಿ. ಮುಂದಿನ ತಿಂಗಳದ್ದು ಎರಡನೆಯದು. ಎರಡೂ ಸಭೆಯಲ್ಲಿ ದೊಡ್ಡಪ್ಪ "ಹನ್ನೊಂದು" ಎಂದು ಕರೆದು, ಸ್ವಲ್ಪ ತಡೆದು, ಗೈರುಹಾಜರಿ ಹಾಕಿದರು. ಬಾಟನಿ ಮೇಡಮ್ ನಗುವುದಕ್ಕೆ ಏನೂ ಇರಲಿಲ್ಲ. ಅತಿಥಿಗಳಿಗೆ ಪೇಟೆಯ ಸೇವಂತಿಗೆ ಹಾರ ಹಾಕಿದೆವು. ಅತಿಥಿಯೊಬ್ಬರು ಜಗಳವಿಲ್ಲದೇ ಪೂರ್ತಿ ನಲವತ್ತೈದು ನಿಮಿಷ ಮಾತಾಡಿದ್ದು ಬಳಗದ ಚರಿತ್ರೆಯಲ್ಲಿ ಅದೇ ಮೊದಲು. ಎಲ್ಲರೂ ಆಕಳಿಸಿದರು.

ಮೂರನೇ ಸಭೆ ಹತ್ತಿರ ಬಂತು. ದೊಡ್ಡಪ್ಪ ಕೆಮಿಸ್ಟ್ರಿ ಸರ್‌ಗೆ ಫೋನು ಮಾಡಿದರು. ಸ್ಪೀಕರ್ ಹಾಕಿಯೇ ಮಾತಾಡುವುದು ಅವರ ಅಭ್ಯಾಸ, ಆದ್ದರಿಂದ ಓಣಿಯ ನಾಲ್ಕು ಮನೆಗೂ ಕೇಳಿತು.

"ಅಲ್ಲ ಮಾರಾಯ, ಈ ಸಲಕ್ಕೆ ಒಂದು ವಿನಾಯಿತಿ ಅಂದೇಳಿ ಠರಾವು ಮಾಡ್ವನಾ?"

"ಎಂತ ವಿನಾಯಿತಿ? ನಿಯಮ ತಂದವ ನಾನು. ನಿನ್ನ ಭಾವನ ಹೆಸರು ಹೊಡೆದು ನನ್ನದು ಬಿಟ್ರೆ ಜನ ಎಂತ ಹೇಳ್ತ್ರು? ವಿನಾಯಿತಿ ಕೊಟ್ಟೆ ಅಂತಾದ್ರೆ ನಾನೇ ರಾಜೀನಾಮೆ ಬರೀತೆ. ಹೊಡಿ ಹೆಸರು!"

"ಹೊಡೀತೆ ಹಂಗಾರೆ!"

"ಸ್ಕೇಲು ಇಟ್ಟು ಹೊಡಿ. ನಿನ್ನ ಗೀಟು ಯಾವಾಗ್ಲೂ ಸೊಟ್ಟ!"

ಫೋನು ಕುಕ್ಕಿದರು. ಇಬ್ಬರೂ ಒಂದೇ ಮಣ್ಣಿನ ಗಡಿಗೆ! ಅದೇ ಸಂಜೆ ಕೆಮಿಸ್ಟ್ರಿ ಸರ್ ಹೆಂಡತಿ, ನಮಗೆಲ್ಲ ಭಾಬಿ, ನಮ್ಮ ದೊಡ್ಡಮ್ಮನಿಗೆ ಬೇರೆಯಾಗಿ ಫೋನು ಮಾಡಿದರು. "ಹೊರಗೆ ಹುಲಿ ಹಾಂಗೆ ಮಾತಾಡ್ತ್ರು. ಒಳಗೆ ಊಟ ಸೇರೂದಿಲ್ಲ. ಕ್ಯಾಲೆಂಡರಲ್ಲಿ ಎರಡನೇ ಶನಿವಾರಕ್ಕೆ ಗುರ್ತ ಹಾಕಿ ಇಟ್ಟಿದ್ರು, ಈಗ ಆ ಕ್ಯಾಲೆಂಡರ್ ತೆಗಿ ಅಂತಾರೆ. ಕಾಲಿಗೆ ವ್ಯಾಯಾಮ ಮಾಡಿಸೂಕೆ ಬರೂ ಹುಡುಗಿಯನ್ನು ನಿನ್ನೆ ವಾಪಸ್ ಕಳಿಸಿದ್ರು. ಹೆಸರೇ ಹೋದ ಮೇಲೆ ನಡೆದು ಎಲ್ಲಿಗೆ ಹೋಗೂದು ಅಂತ ಕೇಳ್ತ್ರು" ಎಂದು ಅತ್ತರು.

ದೊಡ್ಡಮ್ಮ ಫೋನಿಟ್ಟು ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು. "ನನ್ನ ಅಣ್ಣನ ಹೆಸರು ಹೊಡೆದ ಕೈ ಅಲ್ದಾ ಅದು? ಈಗ ಎಂತಕೆ ನಡುಗ್ತದೆ?" ಎಂದಳು. ಮರುದಿನ ಚಟ್ನಿ ಇತ್ತು, ದೋಸೆ ಇತ್ತು, ದೊಡ್ಡಪ್ಪನೇ ಅರ್ಧಕ್ಕೆ ಎದ್ದರು. ದೊಡ್ಡಮ್ಮ ಬಟ್ಟಲು ಎತ್ತುತ್ತಾ, "ಅಣ್ಣನಿಗೆ ನಾನು ಹೇಳ್ಕೊಳ್ತೆ. ನೀವು ಎಂತಾರೂ ಮಾಡಿ, ಭಾಬಿಯ ಕಣ್ಣೀರು ಮಾತ್ರ ನಂಗೆ ಬೇಡ" ಎಂದಳು. ಆದರೆ ಮಾಡುವುದೇನು? ಗೀಟು ಎಳೆದರೂ ಆ ಮನುಷ್ಯ ಹೋದ, ವಿನಾಯಿತಿ ಕೊಟ್ಟರೂ ಹೋದ!

ವಿಧಿಯ ಕುಚೋದ್ಯ ನೋಡಿ, ಆ ಶನಿವಾರದ ಅತಿಥಿಯನ್ನು ದೊಡ್ಡಪ್ಪ ಆರು ತಿಂಗಳ ಮೊದಲೇ ಗೊತ್ತುಮಾಡಿದ್ದರು. ಹುಬ್ಬಳ್ಳಿಯಿಂದ ಬಂದ ಒಬ್ಬ ಎಂಜಿನಿಯರ್ ಹುಡುಗಿ. ವಿಷಯ: ಮುಖ ಗುರುತಿಸಿ ಹಾಜರಿ ಹಾಕುವ ಯಂತ್ರ! "ಇದಕ್ಕೇ ನಾನು ಹುಟ್ಟಿದಾಗಿಂದ ಕಾಯ್ತಿದ್ದದ್ದು" ಎಂದು ದೊಡ್ಡಪ್ಪ ಆಗ ಕುಣಿದಾಡಿದ್ದರು. ಆ ದಿನ ಮಾತ್ರ ಕಾರಿನಲ್ಲಿ ಪುಸ್ತಕ ಎದೆಗೆ ಅವುಚಿಕೊಂಡು ಕೂತಿದ್ದರು.

ನಾಲ್ಕು ಹೊಡೆಯಿತು. ಎಲ್ಲರೂ ಕೈಕಟ್ಟಿ ಕೂತರು. "ಹಾಜರಿ ಭಾಷಣದ ಮೇಲೆ" ಎಂದರು ದೊಡ್ಡಪ್ಪ. ಗಣಿತ ಸರ್ ಗಾಬರಿಯಾಗಿ, "ಆರೋಗ್ಯ ಸರಿ ಇದ್ಯಾ?" ಎಂದು ನನ್ನ ಕಿವಿಯಲ್ಲಿ ಕೇಳಿದರು.

ಹುಡುಗಿ ಚುರುಕು. ಯಂತ್ರವನ್ನು ಮೇಜಿನ ಮೇಲಿಟ್ಟು ಒಬ್ಬೊಬ್ಬರ ಮುಖ ದಾಖಲಿಸಿದಳು. ಮುಖ ತೋರಿಸಿದರೆ ಅದು "ಹಾಜರಾತಿ ದಾಖಲಾಗಿದೆ, ಧನ್ಯವಾದಗಳು" ಎಂದು ಇಂಪಾಗಿ ಹೇಳುತ್ತದೆ. ಬಾಟನಿ ಮೇಡಮ್ ಆ ಧನ್ಯವಾದ ಕೇಳಲು ಮೂರು ಸಲ ಮುಖ ತೋರಿಸಿದರು. ಇಕನಾಮಿಕ್ಸ್ ಸರ್ ಪರೀಕ್ಷೆ ಮಾಡುತ್ತೇನೆಂದು ಹಲ್ಲಿನ ಸೆಟ್ಟು ತೆಗೆದು ನಿಂತರು. ಯಂತ್ರ ಗುರುತಿಸಲಿಲ್ಲ. ಗಣಿತ ಸರ್ ಮೊಬೈಲಿನಲ್ಲಿದ್ದ ತಮ್ಮ ಫೋಟೋ ಹಿಡಿದರು. "ದಯವಿಟ್ಟು ಜೀವಂತ ಮುಖ ತೋರಿಸಿ" ಎಂದಿತು ಯಂತ್ರ. ಮತ್ತೆ ತಮ್ಮ ಸ್ವಂತ ಮುಖವನ್ನೇ ಒಡ್ಡಿದರು. ಮಾಳಿಗೆಯ ಮಂದ ಬೆಳಕಿಗೋ ಏನೋ, ಆಗಲೂ "ಜೀವಂತ ಮುಖ ತೋರಿಸಿ!" "ಇದಕ್ಕಿಂತ ಜೀವಂತದ್ದು ನನ್ನ ಹತ್ತಿರ ಇಲ್ಲ ಮಾರಾಯ್ತಿ" ಎಂದರು ಗಣಿತ ಸರ್. ಮಾಳಿಗೆ ಹಾರಿಹೋಗುವಷ್ಟು ನಗು. ದೊಡ್ಡಪ್ಪ ನಗಲಿಲ್ಲ.

"ಇನ್ನು ನಿಮ್ಮಲ್ಲಿ ಯಾರೂ ಯಾರ ಪ್ರಾಕ್ಸಿಯನ್ನೂ ಹಾಕಲು ಸಾಧ್ಯವಿಲ್ಲ" ಎಂದಳು ಹುಡುಗಿ. "ಸರ್, ಈ ಯಂತ್ರವನ್ನು ನಿಮ್ಮ ಬಳಗಕ್ಕೆ ಉಡುಗೊರೆಯಾಗಿ ಬಿಟ್ಟುಹೋಗುತ್ತೇನೆ. ಇವತ್ತಿನ ಹಾಜರಿ ಇದರಲ್ಲೇ ತೆಗೆದುಕೊಳ್ಳಿ." ಎಲ್ಲರೂ ಚಪ್ಪಾಳೆ ತಟ್ಟಿದರು.

ದೊಡ್ಡಪ್ಪ ಎದ್ದು ಯಂತ್ರದ ಹತ್ತಿರ ಹೋದರು. ಹಿಂದೆ ನೋಡಿದರು, ಮುಂದೆ ನೋಡಿದರು. "ಯಂತ್ರ ಒಳ್ಳೇದಿದೆ. ಎಪ್ಪತ್ತು ಅಂಕ" ಎಂದರು. ಎಪ್ಪತ್ತು! "ಆದ್ರೆ ತಂಗಿ, ಇದು ನಮಗೆ ಬೇಡ. ಈ ಊರಿನ ಕರೆಂಟು ನಂಬೂಕಾಗೂದಿಲ್ಲ. ಆಫ್ ಮಾಡು ಅದನ್ನು."

ಅವಳು ಆಫ್ ಮಾಡಿದಳು. ದೊಡ್ಡಪ್ಪ ಕುರ್ಚಿಗೆ ಬಂದು ಕೆಂಪು ಪುಸ್ತಕ ಬಿಚ್ಚಿದರು. ಒಂದು, ಹಾಜರು ಸರ್. ಎರಡು, ಹಾಜರು ಸರ್. ಹತ್ತರವರೆಗೂ ಬಂತು.

"ಹನ್ನೊಂದು."

ತಲೆಯ ಮೇಲೆ ಫ್ಯಾನು ತಿರುಗುವ ಸದ್ದು. ಕೆಳಗೆ ರಸ್ತೆಯಲ್ಲಿ ಯಾವುದೋ ಬಸ್ಸು ಹಾರ್ನ್ ಹೊಡೆಯಿತು. ಮೇಜಿನ ಮೇಲೆ ಸ್ಕೇಲು ಇತ್ತು.

"ಹನ್ನೊಂದು" ಎಂದು ಇನ್ನೊಮ್ಮೆ ಕರೆದರು. ಆಮೇಲೆ ತಲೆ ಎತ್ತದೇ, ಪುಸ್ತಕದ ಮೇಲೆ ಬಗ್ಗಿಕೊಂಡೇ, ತಮ್ಮದೇ ದಪ್ಪ ಗಂಟಲಿನಲ್ಲಿ ದೊಡ್ಡಪ್ಪ ಹೇಳಿದರು:

"ಇದ್ದೇನೆ, ನಿಮ್ಮ ದುರದೃಷ್ಟಕ್ಕೆ."

ಕೆಂಪು ಪೆನ್ನು ಗುರುತು ಹಾಕಿತು. "ಹನ್ನೆರಡು" ಎಂದರು.

ಹನ್ನೆರಡು ಬಾಟನಿ ಮೇಡಮ್. ಅವರು ಸೆರಗಿನಿಂದ ಮೂಗು ಒರೆಸಿಕೊಂಡು "ಹಾಜರು ಸರ್" ಎಂದರು. ಇಕನಾಮಿಕ್ಸ್ ಸರ್ ಫ್ಯಾನನ್ನೇ ನೋಡುತ್ತಿದ್ದರು. ಗಣಿತ ಸರ್ ಬಗ್ಗಿ ಬೂಟಿನ ದಾರ ಕಟ್ಟುತ್ತಿದ್ದರು, ಹಾಕಿಕೊಂಡು ಬಂದದ್ದು ಹವಾಯಿ ಚಪ್ಪಲಿ! ಆಯುಷ್ಯವಿಡೀ ಪ್ರಾಕ್ಸಿ ಹಿಡಿದು ಹಿಡಿದು ಮಕ್ಕಳ ಶಾಪ ಹೊತ್ತ ಇಪ್ಪತ್ತು ಜನ ಅಧ್ಯಾಪಕರಲ್ಲಿ ಒಬ್ಬರೂ ಏನನ್ನೂ ಕೇಳಲಿಲ್ಲ, ಕಾಣಲಿಲ್ಲ. ಹುಬ್ಬಳ್ಳಿಯ ಹುಡುಗಿ ಮಾತ್ರ "ಸರ್, ಆದರೆ..." ಎಂದು ಬಾಯಿ ತೆರೆದಳು. ಇಕನಾಮಿಕ್ಸ್ ಸರ್ ಅವಳ ಮುಂದೆ ಅವಲಕ್ಕಿ ತಟ್ಟೆ ಹಿಡಿದು, "ತಿನ್ನು ತಂಗಿ. ಬಾಯಿ ತುಂಬ ತಿನ್ನು" ಎಂದರು.

ಸಭೆ ಮುಗಿದ ಮೇಲೆ ದೊಡ್ಡಪ್ಪ ಕಾರು ಹತ್ತಿ, "ಭಟ್ಕಳಕ್ಕೆ ಬಿಡು" ಎಂದರು. ದಾರಿಯುದ್ದಕ್ಕೂ ನಾನು ರಸ್ತೆಯನ್ನೇ ನೋಡುತ್ತಾ ಕಾರು ಓಡಿಸಿದೆ. ಪಕ್ಕಕ್ಕೆ ತಿರುಗಿದ್ದರೆ ಅತ್ತುಬಿಡುತ್ತಿದ್ದೆ. ಅಷ್ಟು ವರ್ಷ ನಾನು ಗೇಲಿ ಮಾಡಿಕೊಂಡು ಬಂದ ಮನುಷ್ಯ ಪಕ್ಕದಲ್ಲಿ ಕೂತಿದ್ದರು, ಮತ್ತು ನನಗೆ ಅವರ ಮೇಲೆ ಎಷ್ಟು ಪ್ರೀತಿ ಇದೆ ಎಂದು ನನಗೇ ಅವತ್ತು ಗೊತ್ತಾಯಿತು.

ಕೆಮಿಸ್ಟ್ರಿ ಸರ್ ಮಂಚದ ಮೇಲೆ ದಿಂಬಿಗೆ ಒರಗಿದ್ದರು. ಬಹಳ ಇಳಿದುಹೋಗಿದ್ದರು. ಪುಸ್ತಕ ಕಂಡ ಕೂಡಲೇ, "ತೋರಿಸೂಕೆ ಬಂದ್ಯಾ? ನೋಡ್ವ, ಗೀಟು ನೆಟ್ಟಗೆ ಬಂತಾ ಇಲ್ವಾ" ಎಂದರು.

ದೊಡ್ಡಪ್ಪ ಪುಟ ತೆರೆದು ಅವರ ಎದೆಯ ಮೇಲಿಟ್ಟರು. ಕೆಮಿಸ್ಟ್ರಿ ಸರ್ ಕನ್ನಡಕ ಹುಡುಕಿ ಹಾಕಿಕೊಂಡರು. ಹನ್ನೊಂದರ ಸಾಲಿನಲ್ಲಿ ಬೆರಳಿ‍ಟ್ಟು ಕೊನೆಯವರೆಗೂ ಎಳೆದರು. ಬೆರಳು ಅಲ್ಲೇ ನಿಂತಿತು.

"ಯಾರು ಕೊಟ್ಟದ್ದು ಪ್ರಾಕ್ಸಿ?"

"ಗೊತ್ತಾಗಲಿಲ್ಲ."

"ನಿಂಗೆ? ನೂರು ದನಿ ಗುರ್ತ ಹಿಡಿಯೂ ನಿಂಗೆ?"

"ವಯಸ್ಸಾತು ಮಾರಾಯ. ಹಿಂದಿನ ಬೆಂಚಿನವರು ಯಾರೋ."

ಕೆಮಿಸ್ಟ್ರಿ ಸರ್ ಕನ್ನಡಕ ತೆಗೆದು ಹೊದಿಕೆಯ ಅಂಚಿನಲ್ಲಿ ಒರೆಸಿದರು. ಕಣ್ಣನ್ನೂ ಒರೆಸಿಕೊಂಡರು. ಆಮೇಲೆ ಬಾಗಿಲ ಕಡೆ ತಿರುಗಿ, ನಾಳೆ ಆ ವ್ಯಾಯಾಮದ ಹುಡುಗಿಗೆ ಬರಲು ಹೇಳು ಎಂದು ಹೆಂಡತಿಗೆ ಕೂಗಿ ಹೇಳಿದರು.

"ಶಿಸ್ತೇ ಇಲ್ಲದ ಸಭೆ ಆಗಿಹೋಯ್ತು. ಮುಂದಿನ ತಿಂಗಳು ನಾನೇ ಬಂದು ಹಿಡೀತೆ ನೋಡು ಆ ಕಳ್ಳನನ್ನು" ಎಂದರು.

"ಬಾ" ಎಂದರು ದೊಡ್ಡಪ್ಪ. "ಅದಕ್ಕೇ ಅವನನ್ನು ಬಿಟ್ಟದ್ದು."